ಹಳೇ ಡೀಸೆಲ್ ಎಂಜಿನ್: ಫಿಲ್ಟರ್ ಕೀಳುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ

ಸಕಲೇಶಪುರದ ಅಣ್ಣ, ಮೊನ್ನೆಯೇ ಉತ್ತರ ಬರೆಯಬೇಕಿತ್ತು. ನಮ್ಮ ಮೂಡಿಗೆರೆ ಕಡೆ ಕಾಫಿ ಕೊಯ್ಲು ನಡೆಯುತ್ತಿದೆ, ಸಂಜೆ ಕಣದಿಂದ ಬರುವ ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ನೀವು ಹೇಳಿದ್ದು ಇಷ್ಟು. ಕೆರೆ ದಂಡೆಯಲ್ಲಿ ತೋಟಕ್ಕೆ ನೀರೆತ್ತಲು ನಿಮ್ಮ ತಂದೆ ಕಾಲದ ಮೂರು ಸಿಲಿಂಡರ್ ಡೀಸೆಲ್ ಎಂಜಿನ್ ಇದೆ. ಸ್ಪ್ರಿಂಕ್ಲರ್ ಹಾಕಿದರೆ ಮುಕ್ಕಾಲು ಗಂಟೆ ಚೆನ್ನಾಗಿ ಓಡಿ, ಆಮೇಲೆ ಕೆಮ್ಮಿ ಕೆಮ್ಮಿ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಎರಡು ಬಟ್ಟಲಿನ ಹಳೇ ಡೀಸೆಲ್ ಫಿಲ್ಟರ್ ಕಿತ್ತು ಹಾಕಿ, ಕಾರಿಗೆ ಬರುವಂಥ ಒಂದೇ ಫಿಲ್ಟರ್ ಕೂರಿಸೋಣ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಮಾಡಿಸಲಾ ಎಂದು ಕೇಳಿದ್ದೀರಿ.

ಮಾಡಿಸಬೇಡಿ. ಹಳೆಯದು ಇದ್ದಲ್ಲೇ ಇರಲಿ. ಅದಕ್ಕೂ ಟ್ಯಾಂಕಿಗೂ ನಡುವೆ ನೀರು ಬೇರೆ ಮಾಡುವ ಫಿಲ್ಟರ್ ಇನ್ನೊಂದು ಸೇರಿಸಿ. ಆದರೆ ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಟ್ಯಾಂಕ್ ನೋಡಬೇಕು.

ಇನ್ನೊಂದು ಸಲ ಎಂಜಿನ್ ನಿಂತಾಗ ತಕ್ಷಣ ಟ್ಯಾಂಕಿನ ಮುಚ್ಚಳ ತಿರುಗಿಸಿ. ಸುಯ್ ಎಂದು ಗಾಳಿ ಒಳಗೆ ಎಳೆದ ಸದ್ದು ಬಂತು ಅಂದರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ. ಡೀಸೆಲ್ ಖಾಲಿಯಾದ ಜಾಗಕ್ಕೆ ಗಾಳಿ ಬರಬೇಕಲ್ವಾ? ಕುಂಬಾರ ಹುಳು ಇಂಥ ತೂತು ಕಂಡರೆ ಬಿಡುವುದೇ ಇಲ್ಲ, ಮಣ್ಣು ಮೆತ್ತಿ ಮನೆ ಕಟ್ಟಿಬಿಡುತ್ತದೆ. ಒಂದು ತಂತಿಯಲ್ಲಿ ಕೆಲಸ ಮುಗಿಯಿತು.

ಸದ್ದು ಬರದಿದ್ದರೆ ಟ್ಯಾಂಕಿನೊಳಗೆ ಲೋಳೆ ಇದೆ ಎಂದೇ ನನ್ನ ಅನುಮಾನ. ನೀವು ಹೇಳಿದ 'ಹತ್ತು ನಿಮಿಷ ಬಿಟ್ಟರೆ ಸರಿ' ಎನ್ನುವ ಮಾತೇ ಅದಕ್ಕೆ ಸುಳಿವು. ಎಂಜಿನ್ ಎಳೆಯುವಾಗ ಲೋಳೆ ಬಂದು ಪೈಪಿನ ಬಾಯಿಗೆ ಅಂಟಿಕೊಳ್ಳುತ್ತದೆ. ನಿಂತ ಮೇಲೆ ಎಳೆತ ಇರುವುದಿಲ್ಲ, ಕಳಚಿ ಕೆಳಗೆ ಬೀಳುತ್ತದೆ. ಮತ್ತೆ ಸ್ಟಾರ್ಟ್ ಮಾಡಿದರೆ ಅದೇ ಕಥೆ. ಹೊಸ ಫಿಲ್ಟರ್ ಎಷ್ಟು ಹಾಕಿದರೂ ಇದು ಹೋಗುವುದಿಲ್ಲ.

ನನಗೆ ಇದು ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ಮೂರು ವರ್ಷದ ಹಿಂದೆ ರೋಬಸ್ಟಾ ಕಾಫಿಗೆ ಹೂವಿನ ನೀರು (ಹೂ ಅರಳಿಸಲು ಕೊಡುವ ನೀರು) ಕೊಡಲು ಶುರು ಮಾಡಿದ ಎರಡನೇ ದಿನ ಎಂಜಿನ್ ನಿಂತಿತು. ಡೀಸೆಲ್ ಪೈಪಿಗೆ ಸೇರಿದ ಗಾಳಿ, ಅಂದರೆ ಏರ್, ತೆಗೆದೆವು, ಓಡಿತು, ಮತ್ತೆ ನಿಂತಿತು. ಕೊನೆಗೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಪಂಪ್ ಬಿಚ್ಚಿ ಹಾಸನಕ್ಕೆ ಒಯ್ದರೆ ಒಳಗೆಲ್ಲ ತುಕ್ಕು. ಎಂಟು ದಿನ ಹೋಯಿತು. ಅರ್ಧ ತೋಟ ಬೆಳ್ಳಗೆ ಹೂ ಬಿಟ್ಟು ಉದುರುವ ಹೊತ್ತಿಗೆ ಉಳಿದರ್ಧಕ್ಕೆ ಇನ್ನೂ ನೀರೇ ಬಿದ್ದಿರಲಿಲ್ಲ. ಹಣ್ಣೂ ಹಾಗೇ ಹಿಂದೆ ಮುಂದೆ ಆಗಿ ಆ ವರ್ಷ ಕೊಯ್ಲು ಎರಡೆರಡು ಸಲ, ಆಳಿನ ಖರ್ಚೂ ಎರಡೆರಡು ಸಲ.

ಆ ಪಂಪಿನೊಳಗೆ ಡೀಸೆಲ್ ಒತ್ತುವ ಪ್ಲಂಜರಿಗೂ ಅದು ಓಡಾಡುವ ಕೊಳವೆಯಾದ ಬ್ಯಾರಲಿಗೂ ನಡುವೆ ಇರುವ ಸಂದು ಎರಡು ಮೂರು ಮೈಕ್ರಾನ್ ಅಷ್ಟೇ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಎಂದರೆ ಲೆಕ್ಕ ಹಾಕಿ. ಆ ಸಂದಿಗೆ ಎಣ್ಣೆ ಕೊಡುವುದೂ ಡೀಸೆಲ್ಲೇ. ಡೀಸೆಲ್ ಜೊತೆ ನೀರು ಹೋದರೆ ಜಿಡ್ಡು ಹೋಗಿ ಲೋಹಕ್ಕೆ ಲೋಹ ತಿಕ್ಕುತ್ತದೆ, ಎಂಜಿನ್ ನಿಲ್ಲಿಸಿಟ್ಟಾಗ ತುಕ್ಕು ಹಿಡಿಯುತ್ತದೆ.

ನೀರು ಎಲ್ಲಿಂದ ಬಂತು? ಬಂಕಿನವರನ್ನು ಬೈಯುವ ಮೊದಲು ನಮ್ಮ ಶೆಡ್ ನೋಡಿಕೊಳ್ಳಬೇಕು. ಮಾರ್ಚಿನಲ್ಲಿ ನೀರು ಕೊಟ್ಟು ಮುಗಿಸಿ, ಅರ್ಧ ಟ್ಯಾಂಕ್ ಡೀಸೆಲ್ ಬಿಟ್ಟು ಬೀಗ ಹಾಕುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಲೆನಾಡಿನ ಥಂಡಿಗೆ ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೇ ಬೂಷ್ಟು ಬರುತ್ತದೆ. ಖಾಲಿ ಅರ್ಧದಲ್ಲಿರುವ ಗಾಳಿಯ ತೇವ ತಗಡಿನ ಮೇಲೆ ಬೆವರಿ ಕೆಳಗಿಳಿಯುತ್ತದೆ. ನೀರು ಭಾರ, ತಳಕ್ಕೆ ಹೋಗಿ ಕೂರುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತದೆ. ಆ ಕಪ್ಪು ಲೋಳೆ ಅದೇ.

ಪರೀಕ್ಷೆ ಸುಲಭ. ಎಂಜಿನ್ ಒಂದು ರಾತ್ರಿ ಅಲುಗಾಡದೆ ಇರಲಿ. ಬೆಳಿಗ್ಗೆ ಟ್ಯಾಂಕಿನ ತಳದ ಬೋಲ್ಟ್ ಸಡಿಲ ಮಾಡಿ, ಮೊದಲು ಬರುವ ಅರ್ಧ ಲೀಟರನ್ನು ಗಾಜಿನ ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿ ನೋಡಿ. ನನ್ನದರಲ್ಲಿ ಮೂರು ಪದರ ಇತ್ತು. ಮೇಲೆ ಹೊಂಬಣ್ಣದ ಡೀಸೆಲ್, ಅಡಿಯಲ್ಲಿ ಮಣ್ಣುನೀರಿನಂಥ ನೀರು, ನಡುವೆ ಮೀನಿನ ಸಿಪ್ಪೆಯ ಹಾಗೆ ತೇಲುವ ಕಪ್ಪು ಚೂರು. ಬಾಟಲಿ ಅಲ್ಲಾಡಿಸಿದರೆ ಎಲ್ಲ ಬೆರೆತು ಹೊಗೆಯಾಯಿತು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮೂರು ಪದರ. ಹೀಗಿದ್ದರೆ ಟ್ಯಾಂಕ್ ಇಳಿಸಿ ಡೀಸೆಲ್ಲಿನಲ್ಲೇ ತೊಳೆಯಿರಿ, ನೀರು ಹಾಕಬೇಡಿ. ತೆಗೆದದ್ದನ್ನು ಕೆರೆ ಕಡೆ ಚೆಲ್ಲಬೇಡಿ ಮಾರಾಯ್ರೇ, ಕ್ಯಾನಿಗೆ ತುಂಬಿಡಿ.

ಈಗ ಫಿಲ್ಟರ್. ನಿಮ್ಮದು ಮೈಕೋ ಮಾದರಿ. ಕಂಪನಿಯ ಹೆಸರು 2008ರಲ್ಲೇ ಬಾಷ್ ಎಂದಾಯಿತು, ಆದರೂ ಅಂಗಡಿಯಲ್ಲಿ ಮೈಕೋ ಎಂದರೇನೇ ಬೇಗ ಕೈಗೆ ಸಿಗುವುದು. ಮೊದಲ ಬಟ್ಟಲಿನಲ್ಲಿ ಬಟ್ಟೆ ಎಲಿಮೆಂಟ್ (ಒಳಗೆ ಸೋಸುವ ಭಾಗ), ಎರಡನೆಯದರಲ್ಲಿ ಪೇಪರ್. ಕಸ ಹಿಡಿಯಲು ಇದು ಈಗಲೂ ಗಟ್ಟಿ. ಇದರ ಕೊರತೆ ಒಂದೇ, ಬಟ್ಟಲು ಕಬ್ಬಿಣದ್ದು, ಒಳಗೆ ನೀರು ಕೂತರೂ ಹೊರಗೆ ಕಾಣುವುದಿಲ್ಲ.

ಮಲ್ಪೆಯಲ್ಲಿ ಬೋಟಿನ ಎಂಜಿನ್ ಕೆಲಸ ಮಾಡುವ ನಮ್ಮ ನೆಂಟರೊಬ್ಬರು ನನ್ನ ಎಂಜಿನ್ ನೋಡಿ ನಕ್ಕರು. 'ನಾವು ನೀರಿನ ಮೇಲೇ ಇರುವವರು, ಬಟ್ಟಲಲ್ಲಿ ನೀರು ಕಾಣದ ಫಿಲ್ಟರ್ ನಂಬಿ ದಡ ಬಿಡುವುದಿಲ್ಲ' ಎಂದರು. ಬೋಟಿಗೆ ಹಾಕುವ ರೇಕಾರ್ ಕಂಪನಿ ಮಾದರಿಯ ಫಿಲ್ಟರಿನಲ್ಲಿ ಕೆಳಗೆ ಒಳಗೆಲ್ಲ ಕಾಣುವ ಬಟ್ಟಲು, ಅದರ ತಳದಲ್ಲಿ ಡ್ರೈನ್. ಡೀಸೆಲ್ ಒಳಗೆ ಸುತ್ತಿಕೊಂಡು ಬರುವಾಗ ನೀರು ಬೇರೆಯಾಗಿ ಕೆಳಗೆ ಇಳಿಯುತ್ತದೆ. ಬೋಟಿನಲ್ಲಿ ಎಂಜಿನ್ ಮುಚ್ಚಿದ ಕೋಣೆಯಲ್ಲಿರುವುದರಿಂದ ಆ ಬಟ್ಟಲಿಗೆ ಬೆಂಕಿ ತಾಗದಂತೆ ಲೋಹದ ತಟ್ಟೆ ಇರುವ ಮಾದರಿ ಹಾಕುತ್ತಾರೆ. ನಮ್ಮದು ತೆರೆದ ಶೆಡ್, ಆದರೂ ಸೈಲೆನ್ಸರಿನಿಂದ ದೂರ ಕೂರಿಸಿ.

ಜಾಗ: ಟ್ಯಾಂಕಿಗೂ, ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದೆ ತಳ್ಳುವ ಫೀಡ್ ಪಂಪಿಗೂ ನಡುವೆ. ಫೀಡ್ ಪಂಪ್ ದಾಟಿದ ಮೇಲೆ ಹಾಕಿದರೆ ಪಂಪ್ ನೀರನ್ನು ಕಡೆದು ಮಜ್ಜಿಗೆ ಮಾಡಿ ಕಳಿಸುತ್ತದೆ, ಆಮೇಲೆ ಬೇರೆ ಮಾಡುವುದು ಕಷ್ಟ. ಎಲಿಮೆಂಟ್ 30 ಮೈಕ್ರಾನಿನದು ತೆಗೆದುಕೊಳ್ಳಿ, ತೀರಾ ಸಣ್ಣದೆಂದರೆ 10. ಜಾಸ್ತಿ ಸಣ್ಣದಾದರೆ ಒಳ್ಳೆಯದು ಎಂದು 2 ಮೈಕ್ರಾನ್ ಹಾಕಿದರೆ ಫೀಡ್ ಪಂಪಿಗೆ ಎಳೆಯಲು ಆಗುವುದಿಲ್ಲ, ಮತ್ತೆ ಎಂಜಿನ್ ಕೆಮ್ಮುತ್ತದೆ. ಸಣ್ಣ ಕೆಲಸ ನಿಮ್ಮ ಹಳೇ ಪೇಪರ್ ಎಲಿಮೆಂಟ್ ಮಾಡಿಕೊಳ್ಳುತ್ತದೆ. ರೇಕಾರಿನಲ್ಲಿ 30 ಕೆಂಪು, 10 ನೀಲಿ, 2 ಕಂದು ಬಣ್ಣ. 40 ಎಚ್‌ಪಿ ಎಂಜಿನ್ ಫುಲ್ ಲೋಡಿನಲ್ಲಿ ಗಂಟೆಗೆ ಎಂಟು ಲೀಟರ್ ಆಸುಪಾಸು ಕುಡಿಯುತ್ತದೆ, ಆದರೆ ಫೀಡ್ ಪಂಪ್ ಅದಕ್ಕಿಂತ ಎಷ್ಟೋ ಜಾಸ್ತಿ ತಳ್ಳುತ್ತದೆ. ಹಾಗಾಗಿ ಫಿಲ್ಟರ್ ಒಂದು ಸೈಜ್ ದೊಡ್ಡದೇ ಇರಲಿ.

(ಫೀಡ್ ಪಂಪ್ ಇಲ್ಲದ, ಟ್ಯಾಂಕ್ ತಲೆ ಮೇಲಿರುವ ಒಂದು ಸಿಲಿಂಡರಿನ ಎಂಜಿನ್ ಇರುವವರು ಇದನ್ನು ಹಾಕಲು ಹೋಗಬೇಡಿ. ಅಷ್ಟೇ ಎತ್ತರದಿಂದ ಬೀಳುವ ಡೀಸೆಲ್ಲಿಗೆ ಇದನ್ನು ದಾಟುವ ಒತ್ತಡ ಸಾಲದೆ ಹೋಗಬಹುದು. ನಿಮಗೆ ಗಾಜಿನ ಬಟ್ಟಲಿನ ಸಾದಾ ಜಾಲರಿ ಸಾಕು.)

ಜೋಡಿಸುವಾಗ ಜಿಐ (ಸತು ಬಳಿದ ಕಬ್ಬಿಣದ) ಫಿಟ್ಟಿಂಗ್ ಬೇಡ, ಸತುವಿಗೂ ಡೀಸೆಲ್ಲಿಗೂ ಆಗುವುದಿಲ್ಲ. ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಎಳೆ ಹೋಗಿ ಡೀಸೆಲ್ ಚಿಮ್ಮುವ ನಾಝಲಿನಲ್ಲಿ ಕೂರುತ್ತದೆ. ಕಾಪರ್ ವಾಷರ್ ಹೊಸದೇ ಹಾಕಿ. ಹಳೇ ರಬ್ಬರ್ ಪೈಪ್ ಬಗ್ಗಿಸಿದರೆ ಬಿರುಕು ಕಂಡರೆ ಅದನ್ನೂ ಬದಲಿಸಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪ್ ಸೋರುವುದು ಕಣ್ಣಿಗೆ ಕಾಣುವುದಿಲ್ಲ. ಎಳೆಯುವ ಬದಿ ಅಲ್ವಾ, ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಅನುಮಾನ ಇದ್ದರೆ ಫೀಡ್ ಪಂಪಿನ ಹತ್ತಿರ ಒಂದು ಗೇಣು ಒಳಗೆ ಕಾಣುವ ಬಿಳೀ ಪೈಪ್ ತಾತ್ಕಾಲಿಕವಾಗಿ ಸೇರಿಸಿ ಓಡಿಸಿ, ಗುಳ್ಳೆ ಬಂದರೆ ಗೊತ್ತಾಗುತ್ತದೆ.

ಜೋಡಿಸಿ ಆದ ಮೇಲೆ ಏರ್ ತೆಗೆಯುವುದು ನಿಮಗೆ ಗೊತ್ತೇ ಇದೆ. ಹೊಸ ಬಟ್ಟಲಿಗೆ ಮೊದಲೇ ಡೀಸೆಲ್ ತುಂಬಿಕೊಂಡರೆ ಡೀಸೆಲ್ ಕೈಯಲ್ಲಿ ತಳ್ಳುವ ಹ್ಯಾಂಡ್ ಪ್ರೈಮರ್ ಒತ್ತಿ ಹೆಬ್ಬೆರಳು ನೋಯುವುದು ತಪ್ಪುತ್ತದೆ.

ಮೊದಲ ವಾರ ದಿನಾ ಬಟ್ಟಲು ನೋಡಿ. ಟ್ಯಾಂಕಿನ ಮೂಲೆಯಲ್ಲಿ ಉಳಿದಿದ್ದ ಲೋಳೆ ಎಲ್ಲ ಬಂದು ಕೂರುತ್ತದೆ, ಹಾಗಾಗಿ ಎಲಿಮೆಂಟ್ ಎರಡು ತಂದಿಟ್ಟುಕೊಳ್ಳಿ. ನೀರು ಕೊಟ್ಟು ಮುಗಿದ ಮೇಲೆ ಟ್ಯಾಂಕ್ ಕಂಠದವರೆಗೆ ತುಂಬಿಸಿ ಬೀಗ ಹಾಕಿ, ಇಲ್ಲವಾದರೆ ಪೂರ್ತಿ ಖಾಲಿ ಮಾಡಿ ಒಣಗಿಸಿ. ನಾನು ತುಂಬಿಸುತ್ತೇನೆ.

ಕೆಲಸ ಜನವರಿಯಲ್ಲೇ ಮುಗಿಸಿಕೊಳ್ಳಿ. ಫೆಬ್ರವರಿಗೆ ಮೆಕ್ಯಾನಿಕ್ ಯಾರ ಕೈಗೂ ಸಿಗುವುದಿಲ್ಲ. ಬಾಟಲಿ ಪರೀಕ್ಷೆ ಮಾಡಿ ಫೋಟೋ ಹಾಕಿ, ಜೊತೆಗೆ ಫೀಡ್ ಪಂಪಿನ ಪೈಪ್ ಬರುವ ಬದಿಯದ್ದೂ ಒಂದು ಇರಲಿ. ಪೈಪ್ ಕೂರಿಸಲು ಯಾವ ಸೈಜಿನ ಬ್ಯಾಂಜೋ ಬೋಲ್ಟ್ (ಡೀಸೆಲ್ ಹರಿಯಲು ಒಳಗೆ ತೂತಿರುವ ಬೋಲ್ಟ್) ಬೇಕು ಎಂದು ನೋಡಿ ಹೇಳುತ್ತೇನೆ.