ರಿಪೇರಿ ಚಾರ್ಜು ಯಾರ ತಲೆಗೆ?

ಡೊಂಬಿವಲಿಯಿಂದ ಪತ್ರ ಬರೆದ ತಾಯಿಗೆ ನಮಸ್ಕಾರ.

ಮಳೆಗೆ ನಿಮ್ಮ ಲ್ಯಾಂಡ್‌ಲೈನ್ ಕೆಟ್ಟಿತು. ಕಂಪನಿಯ ಹುಡುಗ ಬಂದು, ಮೆಟ್ಟಿಲ ಕೆಳಗಿನ ಪೆಟ್ಟಿಗೆ ತೆರೆದು, ಕಿಲುಬು ಹಿಡಿದ ತಂತಿಯ ತುದಿ ಕತ್ತರಿಸಿ ಹೊಸದಾಗಿ ಜೋಡಿಸಿ ಹೋದ. ಮುಂದಿನ ಬಿಲ್ಲಿನಲ್ಲಿ ರಿಪೇರಿ ಚಾರ್ಜು 850, ಅದರ ಮೇಲೆ ಜಿಎಸ್‌ಟಿ, ಒಟ್ಟು 1,003 ರೂಪಾಯಿ. ಕೇಳಿದರೆ 'ಮನೆಯೊಳಗಿನ ವೈರಿಂಗ್ ಕೆಟ್ಟಿತ್ತು, ನೀವೇ ಸಹಿ ಹಾಕಿದ್ದೀರಿ' ಎಂದರಂತೆ. 'ಸಾವಿರ ರೂಪಾಯಿಗೆ ಯಾಕಮ್ಮ ತಲೆಬಿಸಿ, ಕಟ್ಟಿಬಿಡು' ಎಂಬುದು ಮಗನ ಮಾತು.

ಸುಮ್ಮನೆ ಕಟ್ಟಬೇಡಿ. ಕೆಟ್ಟಿದ್ದು ಎಲ್ಲಿ ಎಂಬುದರ ಮೇಲೇ ಈ ತಕರಾರು ನಿಂತಿದೆ. ಆ ಪೆಟ್ಟಿಗೆ ಕೂರಿಸಿದವರು ಕಂಪನಿಯವರು, ಬೀಗದ ಕೈ ಇರುವುದೂ ಅವರ ಬಳಿಯೇ ಎಂದು ನೀವೇ ಬರೆದಿದ್ದೀರಿ. ಹುಡುಗ ನಿಮ್ಮ ಹೊಸ್ತಿಲು ದಾಟಿ ಒಳಗೆ ಬಂದೇ ಇಲ್ಲ. ಹಾಗಿರುವಾಗ ಅದು ಮನೆಯೊಳಗಿನ ವೈರಿಂಗ್ ಹೇಗಾದೀತು? ಇನ್ನು ಸಹಿಯ ಮಾತು. ಕೆಲಸ ಮುಗಿಯಿತೆಂದು ಅವನ ಮೊಬೈಲಿನ ಮೇಲೆ ನಿಮ್ಮಿಂದ ಬೆರಳಾಡಿಸಿಕೊಂಡರು, ಅಷ್ಟೆ. ದರ ತೋರಿಸಿದ್ದರೆ, ನೀವು ಒಪ್ಪಿದ್ದರೆ, ಆ ದಾಖಲೆಯ ಪ್ರತಿ ಕೊಡಲಿ. ಇದನ್ನು ಬರಹದಲ್ಲೇ ಕೇಳಿ. ಪೆಟ್ಟಿಗೆಯ ಫೋಟೋ ಇವತ್ತೇ ತೆಗೆಸಿಡಿ. ಕತ್ತರಿಸಿದ ತಂತಿಯ ಚೂರು ಅಲ್ಲೇ ಬಿದ್ದಿದ್ದರೆ ಅದನ್ನೂ ಎತ್ತಿಡಿ.

ಬಿಲ್ಲಿನ ಹಣ ಬ್ಯಾಂಕಿನಿಂದ ತಾನಾಗಿ ಹೋಗುವ ಏರ್ಪಾಡಿದ್ದರೆ ಸದ್ಯಕ್ಕೆ ನಿಲ್ಲಿಸಿ. ತಕರಾರಿಲ್ಲದ ಮೊತ್ತವನ್ನು ಗಡುವಿನೊಳಗೆ ಕಟ್ಟಿ, ಉಳಿದದ್ದಕ್ಕೆ ಆಕ್ಷೇಪವಿದೆ ಎಂದು ತಿಳಿಸಿ. ಲೈನ್ ಕತ್ತರಿಸಿಯಾರೆಂಬ ಭಯವಿದ್ದರೆ ಪೂರ್ತಿ ಕಟ್ಟಿ, ಆದರೆ 'ಆಕ್ಷೇಪದೊಂದಿಗೆ ಕಟ್ಟಿದ್ದೇನೆ' ಎಂದು ಬರೆದುಕೊಡಿ. ಕಟ್ಟಿದ ಮಾತ್ರಕ್ಕೆ ದೂರುವ ಹಕ್ಕು ಹೋಗುವುದಿಲ್ಲ.

ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ಡಾಕೆಟ್ ನಂಬರ್ (ನಿಮ್ಮ ದೂರಿನ ಗುರುತು ಸಂಖ್ಯೆ) ಪಡೆಯದೆ ಫೋನ್ ಇಡಬೇಡಿ. ಅವರ ಉತ್ತರ ಸರಿಬರದಿದ್ದರೆ, ಟೆಲಿಫೋನ್ ಕಂಪನಿಗಳ ಮೇಲಿನ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದಂತೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬಹುದು. ಶುಲ್ಕವಿಲ್ಲ, ಅವರು 39 ದಿನದೊಳಗೆ ತೀರ್ಮಾನ ಹೇಳಬೇಕು. ನೇರವಾಗಿ ಟ್ರಾಯ್‌ಗೇ ಬರೆಯುತ್ತೇನೆ ಎಂದಿದ್ದೀರಿ. ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ವಿಚಾರಿಸುವುದಿಲ್ಲ, ಆ ಶ್ರಮ ಬೇಡ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಟೆಲಿಫೋನ್ ವ್ಯಾಜ್ಯ ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲ ಎಂದು ನಿಮಗೆ ಯಾರೋ ಹೇಳಿದ್ದು ಹಳೆಯ ಮಾತು. 2009ರ ತೀರ್ಪೊಂದರಿಂದ ಹಾಗಾಗಿತ್ತು. ಆಮೇಲೆ ಅಹಮದಾಬಾದಿನ ಗ್ರಾಹಕರೊಬ್ಬರಿಗೆ, ತಿಂಗಳಿಗೆ ಸರಾಸರಿ 555 ರೂಪಾಯಿ ಬರುತ್ತಿದ್ದ ಮೊಬೈಲ್ ಬಿಲ್ 24,609 ರೂಪಾಯಿ ಬಂತು. ಅವರು ಬಿಡಲಿಲ್ಲ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಇಂಥ ದೂರು ಕೇಳುವ ಅಧಿಕಾರ ಗ್ರಾಹಕ ವೇದಿಕೆಗಳಿಗೆ ಇದ್ದೇ ಇದೆ ಎಂದಿತು. ಒಬ್ಬ ಮನುಷ್ಯ ಹಟ ಹಿಡಿದದ್ದರಿಂದ ನಮಗೆಲ್ಲ ಬಾಗಿಲು ತೆರೆಯಿತು. ನಿಮ್ಮ ಮಗನಿಗೂ ಇದನ್ನು ಓದಿ ಹೇಳಿ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಡೊಂಬಿವಲಿ ಇರುವುದು ಥಾಣೆ ಜಿಲ್ಲೆಯಲ್ಲಿ, ಮುಂಬಯಿಗೆ ಓಡಾಡಬೇಕಿಲ್ಲ. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದ ಕಾಲಾವಕಾಶವಿದೆ. ಆದರೆ ಮೇಲ್ಮನವಿಯ 30 ದಿನ ಬೇಗ ಕಳೆಯುತ್ತದೆ, ಅದನ್ನು ಮೊದಲು ನೋಡಿ. ಮರಾಠಿಯಲ್ಲಿ ಬರೆಯಲು ಅಳುಕಾದರೆ ಬಿಲ್ಲಿನ ಪ್ರತಿ ನಮ್ಮ ಕಚೇರಿಗೆ ಕಳಿಸಿ, ಅರ್ಜಿಯ ಕರಡು ನಾವು ಮಾಡಿಕೊಡುತ್ತೇವೆ.

— ಸಂಪಾದಕ