ಓದುಗರ ಪ್ರಶ್ನೆ: ತೀರ್ಪಿನ ದಿನಕ್ಕೆ ಹೆದರಬೇಕೇ?

ಪ್ರಶ್ನೆ: ನನಗೆ 62 ವರ್ಷ. ಭಾನುವಾರದ ಆರಾಧನೆ ತಪ್ಪಿಸಿದವಳಲ್ಲ. ಆದರೂ ಕಡೇ ತೀರ್ಪಿನ ಮಾತು ಬಂದರೆ ಎದೆ ಝಲ್ಲೆನ್ನುತ್ತದೆ. ಕ್ರಿಸ್ತನ ಹಾಗೆ ಆಗುತ್ತಾ ಬಂದರೆ ಆ ದಿನವನ್ನು ಸಂತೋಷದಿಂದ ಎದುರುನೋಡಬಹುದು ಎನ್ನುತ್ತಾರೆ ನಮ್ಮ ಸಭಾಪಾಲಕರು. ಅದಕ್ಕೆ ದಿನದಿನಕ್ಕೆ ಏನು ಮಾಡಬೇಕು?
— ಓದುಗರೊಬ್ಬರು, ಗದಗ

ಉತ್ತರ: ಅಮ್ಮಾ, ಮೊದಲು 98ನೇ ಕೀರ್ತನೆ ಓದಿ. ಕರ್ತನು ಭೂಮಿಗೆ ನ್ಯಾಯತೀರಿಸಲು ಬರುತ್ತಾನೆಂದು ಅಲ್ಲಿ ನದಿಗಳು ಚಪ್ಪಾಳೆ ಹೊಡೆಯುತ್ತವೆ, ಬೆಟ್ಟಗಳು ಹಾಡುತ್ತವೆ. ತೀರ್ಪು ಎಂದರೆ ನಮಗೆ ಶಿಕ್ಷೆಯೇ ಮೊದಲು ನೆನಪಾಗುತ್ತದೆ. ಆ ಕೀರ್ತನೆ ಹಾಡಿದವರಿಗೆ ಅದು ಕೆಟ್ಟುಹೋದದ್ದನ್ನು ನೆಟ್ಟಗೆ ಮಾಡುವ ಕೆಲಸ. ದೆಬೋರ, ಗಿದ್ಯೋನರ ಕಥೆಯಿರುವ ಗ್ರಂಥಕ್ಕೆ ಕನ್ನಡದಲ್ಲಿ ‘ನ್ಯಾಯಸ್ಥಾಪಕರು’ ಎಂದು ಹೆಸರಿಟ್ಟವರು ಇದನ್ನು ಚೆನ್ನಾಗಿ ಹಿಡಿದಿದ್ದಾರೆ. ಲೂಕ 18ರಲ್ಲಿ ನ್ಯಾಯಾಧೀಶನ ಬಳಿ ಮತ್ತೆ ಮತ್ತೆ ಹೋಗಿ ನ್ಯಾಯ ಕೇಳಿದ ವಿಧವೆಗೆ ಅದು ಸಿಗುವ ದಿನವೇ ಹಬ್ಬ.

ಇನ್ನು 1 ಯೋಹಾನ 4:17. ತೀರ್ಪಿನ ದಿನ ನಮಗೆ ಧೈರ್ಯವಿರುತ್ತದೆ, ಏಕೆಂದರೆ ಕ್ರಿಸ್ತನು ಹೇಗಿದ್ದಾನೋ ಈ ಲೋಕದಲ್ಲಿ ನಾವೂ ಹಾಗೆಯೇ ಇದ್ದೇವೆ ಎಂಬುದು ಅದರ ತಾತ್ಪರ್ಯ. ಅಲ್ಲಿನ ಗ್ರೀಕ್ ಪದ ‘ಪರ್ರೇಸಿಯ’. ಮುಚ್ಚುಮರೆಯಿಲ್ಲದೆ ಮಾತಾಡುವ ಸಲುಗೆ ಎಂದರ್ಥ. ರಕ್ಷಣೆ ಕೃಪೆಯಿಂದಲೇ, ಅಭ್ಯಾಸ ಮಾಡಿ ಅದನ್ನು ಕೊಳ್ಳಲಾಗದು. ಆದರೆ ದಿನವೂ ಜೊತೆಗೆ ನಡೆದವರ ಮುಂದೆ ನಿಲ್ಲಲು ಯಾರಿಗೂ ಭಯವಾಗುವುದಿಲ್ಲ.

ನೀವು ಕೇಳಿದ ಅಭ್ಯಾಸಕ್ಕೆ 16ನೇ ಶತಮಾನದಲ್ಲಿ ಕಥೋಲಿಕ ಸಂತ ಇಗ್ನೇಷಿಯಸ್ ಲೊಯೋಲ ಬರೆದಿಟ್ಟ ಕ್ರಮವನ್ನೇ ಹೇಳುತ್ತೇವೆ. ಕಥೋಲಿಕರಲ್ಲದವರೂ ಧಾರಾಳವಾಗಿ ಮಾಡಬಹುದು. ಒಂದೇ ಒಂದು ದೋಷ ಆರಿಸಿಕೊಳ್ಳಿ. ‘ದೀನಳಾಗುತ್ತೇನೆ’ ಎಂದರೆ ಕೈಗೆ ಸಿಗುವುದಿಲ್ಲ. ‘ಸೊಸೆಗೆ ಚುಚ್ಚಿ ಮಾತಾಡುವುದಿಲ್ಲ’ ಎಂದರೆ ಸಿಗುತ್ತದೆ. ಬೆಳಿಗ್ಗೆ ಎದ್ದಕೂಡಲೇ ಅದನ್ನು ನೆನೆದು ಸಂಕಲ್ಪ ಮಾಡಿ. ಹಗಲಲ್ಲಿ ಜಾರಿದ ಕ್ಷಣವೇ ಎದೆಯ ಮೇಲೆ ಕೈಯಿಡಿ, ಪಕ್ಕದವರಿಗೂ ಗೊತ್ತಾಗದು. ಒಂದು ಹಾಳೆಯಲ್ಲಿ ದಿನಕ್ಕೆ ಎರಡು ಗೆರೆಯಂತೆ ವಾರಕ್ಕೆ 14 ಗೆರೆ ಎಳೆದಿಟ್ಟುಕೊಳ್ಳಿ. ಮಧ್ಯಾಹ್ನ ಊಟದ ಬಳಿಕ ಗಂಟೆಗಂಟೆಯನ್ನೂ ನೆನಪಿಸಿಕೊಂಡು, ಜಾರಿದಷ್ಟು ಚುಕ್ಕೆಗಳನ್ನು ಮೇಲಿನ ಗೆರೆಯ ಮೇಲೆ ಹಾಕಿ. ರಾತ್ರಿಯದು ಕೆಳಗಿನ ಗೆರೆಗೆ. ಬೆಳಗಿಗೂ ಸಂಜೆಗೂ, ನಿನ್ನೆಗೂ ಇಂದಿಗೂ, ವಾರಕ್ಕೂ ವಾರಕ್ಕೂ ಹೋಲಿಸಿ.

ಇದು ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಒಟ್ಟಿಗೆ ಐದಾರು ದೋಷ ಹಿಡಿದವರು ಎರಡನೇ ವಾರಕ್ಕೇ ಕೈಬಿಡುತ್ತಾರೆ. ಕೆಲವರು ನೇರ ಚುಕ್ಕೆಗಳಿಗೇ ಬರುತ್ತಾರೆ. ದಿನದ ಪರಿಶೋಧನೆಯನ್ನು, ಎಂದರೆ ಕಳೆದ ದಿನವನ್ನು ದೇವರ ಮುಂದೆ ತಿರುಗಿ ನೋಡುವುದನ್ನು, ಇಗ್ನೇಷಿಯಸ್ ಶುರುಮಾಡಿದ್ದು ಕೃತಜ್ಞತೆಯಿಂದ, ಆಮೇಲೆ ಬೆಳಕಿಗಾಗಿ ಬೇಡಿಕೆ, ಅನಂತರವೇ ಲೆಕ್ಕ, ಕ್ಷಮೆ, ನಾಳೆಯ ಸಂಕಲ್ಪ. ಆ ಮೊದಲೆರಡನ್ನು ಬಿಟ್ಟರೆ ಹಾಳೆ ಆರೋಪಪಟ್ಟಿಯಾಗುತ್ತದೆ, ಭಯ ಇನ್ನೂ ಹೆಚ್ಚುತ್ತದೆ. ಮೂರನೆಯದು, ಕೆಟ್ಟದ್ದನ್ನು ತೆಗೆದು ಜಾಗ ಖಾಲಿ ಬಿಡುವುದು. ಗುಡಿಸಿಟ್ಟ ಖಾಲಿ ಮನೆಗೆ ಏಳು ದೆವ್ವಗಳು ಬಂದವೆಂದು ಸ್ವಾಮಿಯೇ ಎಚ್ಚರಿಸಿದ್ದಾರೆ (ಮತ್ತಾಯ 12:45). ಚುಚ್ಚುಮಾತು ಬಿಟ್ಟ ಕಡೆ ದಿನಕ್ಕೊಂದು ಮೆಚ್ಚುಗೆಯ ಮಾತು ಇಡಿ. ತಪ್ಪೇ ಇಲ್ಲದಲ್ಲೂ ತಪ್ಪು ಕಂಡು ನಿದ್ದೆಗೆಡುವ ಸ್ವಭಾವ ನಿಮ್ಮದಾದರೆ ಚುಕ್ಕೆ ಹಾಕುವುದೇ ಬೇಡ. ಸಭಾಪಾಲಕರ ಜೊತೆ ಕೂತು ಮಾತಾಡಿ.

ಪ್ರಶ್ನೆ: 20 ವರ್ಷದ ಹಿಂದೆ ಪಾಲುದಾರನ 10,000 ರೂಪಾಯಿ ನುಂಗಿದ್ದೆ. ಈಗ ಅವನಿಲ್ಲ. ದೇವರಲ್ಲಿ ಕ್ಷಮೆ ಕೇಳಿದ್ದೇನೆ. ಸಾಲದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಸಾಲದು. ಅರಣ್ಯಕಾಂಡ 5:7ರ ಲೆಕ್ಕ ಸ್ಪಷ್ಟ: ತಪ್ಪು ಒಪ್ಪಿಕೊಂಡು, ಅಸಲಿಗೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು. ನಿಮ್ಮದು 12,000 ಆಯಿತು. ಅದು ಕನಿಷ್ಠ, 20 ವರ್ಷದಲ್ಲಿ ಹಣದ ಬೆಲೆ ಇಳಿದದ್ದನ್ನೂ ಸೇರಿಸುವುದು ನ್ಯಾಯ. ಸತ್ತವರ ಹಣ ಹತ್ತಿರದ ಸಂಬಂಧಿಗೆ, ಅವರೂ ಇಲ್ಲದಿದ್ದರೆ ದೇವರ ಪಾಲಿಗೆ ಎಂದು ಮುಂದಿನ ವಚನದಲ್ಲಿದೆ. ಮೊದಲು ಹೆಂಡತಿ ಮಕ್ಕಳನ್ನು ಹುಡುಕಿ. ಕಾಣಿಕೆ ಪೆಟ್ಟಿಗೆ ಕೊನೆಗೆ, ಸುಲಭವೆಂದು ಮೊದಲೇ ಅಲ್ಲಿಗೆ ಹೋಗಬೇಡಿ. ಒಮ್ಮೆಲೇ ಆಗದಿದ್ದರೆ ಕಂತು ಹೇಳಿ, ತಾರೀಖು ತಪ್ಪಿಸಬೇಡಿ. ‘ಆಗ ನನಗೂ ಕಷ್ಟವಿತ್ತು’ ಎಂಬ ಮಾತು ಕ್ಷಮಾಪಣೆಯೊಳಗೆ ಬಾರದಿರಲಿ. ಯೇಸು ಮನೆಗೆ ಬಂದಾಗ ತೆರಿಗೆ ವಸೂಲಿಯ ಜಕ್ಕಾಯ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19). ಕದ್ದ ಕುರಿ ಕೊಂದವನಿಗೆ ಧರ್ಮಶಾಸ್ತ್ರ ಹಾಕಿದ್ದ ದಂಡ ಅದು (ವಿಮೋಚನಕಾಂಡ 22:1). ಅವನು ತನ್ನನ್ನೇ ಕಳ್ಳನೆಂದು ಎಣಿಸಿಕೊಂಡ. ಆ ಮನೆಯಲ್ಲಿ ಅಂದು ಸಂತೋಷವೇ ತುಂಬಿತ್ತು.

ಪ್ರಶ್ನೆ: ಅತ್ತೆ ಹಾಸಿಗೆ ಹಿಡಿದು ಮೂರು ವರ್ಷ. ಪ್ರಾರ್ಥನೆಗೂ ಪರಿಶೋಧನೆಗೂ ಬಿಡುವಿಲ್ಲ. ದೇವರಿಗೆ ಏನು ಲೆಕ್ಕ ಕೊಡಲಿ?
— ಓದುಗರೊಬ್ಬರು, ಬೀದರ್

ಉತ್ತರ: ಮತ್ತಾಯ 25ರ ಕಡೇ ತೀರ್ಪಿನ ಚಿತ್ರದಲ್ಲಿ ಅರಸನ ಬಲಗಡೆ ನಿಂತ ನೀತಿವಂತರ ಬಳಿಯೂ ಲೆಕ್ಕವಿರಲಿಲ್ಲ. ‘ಯಾವಾಗ ನಿನ್ನನ್ನು ನೋಡಿದೆವು’ ಎಂದು ಅವರೇ ಕೇಳುತ್ತಾರೆ. ಅನ್ನ, ನೀರು, ಬಟ್ಟೆ, ಆಸರೆ, ರೋಗಿಯ ಆರೈಕೆ, ಸೆರೆಯವರ ಭೇಟಿ: ಅರಸನು ಹೆಸರಿಸಿದ ಆರರಲ್ಲಿ ಮೂರು ನಾಲ್ಕು ನಿಮ್ಮ ಒಂದೇ ಕೋಣೆಯಲ್ಲಿ ದಿನವೂ ನಡೆಯುತ್ತಿವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗ ‘ಸ್ವಾಮಿ, ನಿನಗೇ’ ಎಂದರೆ ಪ್ರಾರ್ಥನೆಯಾಯಿತು. ರಾತ್ರಿ ಪಾತ್ರೆ ತೊಳೆಯುವ ಹೊತ್ತು ಪರಿಶೋಧನೆಗೆ ಸಾಕು. ವಾರಕ್ಕೆ ಒಂದು ಮಧ್ಯಾಹ್ನವಾದರೂ ಅತ್ತೆಯ ಬಳಿ ಕೂರಲು ನಿಮ್ಮ ಸಭೆಯವರನ್ನು ಕೇಳಿ, ಸಂಕೋಚ ಬೇಡ. ಆ ಆರರ ಲೆಕ್ಕ ಅವರಿಗೂ ಇದೆ.