ನೋವಿಲ್ಲದ ಹುಣ್ಣಿಗೆ ಯಾವ ಡ್ರೆಸ್ಸಿಂಗ್?

ಪ್ರಶ್ನೆ: ನನ್ನ ತಂದೆಗೆ 61 ವರ್ಷ, ಮಧುಮೇಹ ಬಂದು 14 ವರ್ಷವಾಯಿತು. ದೋಣಿ ಮೀನುಗಾರಿಕೆ ನಮ್ಮ ಕಸುಬು. ಅವರ ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ರೂಪಾಯಿ ನಾಣ್ಯದಷ್ಟು ಹುಣ್ಣಾಗಿ ಎರಡು ತಿಂಗಳಾದವು. ನೋವಿಲ್ಲವೆಂದು ದಿನವೂ ಕಡಲಿಗೆ ಹೋಗುತ್ತಾರೆ. ಔಷಧ ಅಂಗಡಿಯಲ್ಲಿ ಬೆಳ್ಳಿಯದು, ಕಡಲಪಾಚಿಯದು ಎಂದು ದುಬಾರಿ ಡ್ರೆಸ್ಸಿಂಗ್ ತೋರಿಸುತ್ತಾರೆ. ಯಾವುದು ಕೊಳ್ಳಲಿ?
– ಓದುಗರು, ಅಂಕೋಲಾ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ‘ನೋವಿಲ್ಲ’ ಎಂಬ ಮಾತು. ಮಧುಮೇಹದಿಂದ ಕಾಲಿನ ನರಗಳು ಜಡವಾಗಿವೆ ಎಂದು ಅದರ ಅರ್ಥ. ಮುಳ್ಳು ಚುಚ್ಚಿದರೆ ನಾವು ಕುಂಟುತ್ತೇವೆ, ಗಾಯಕ್ಕೆ ಬಿಡುವು ಸಿಗುತ್ತದೆ. ನಿಮ್ಮ ತಂದೆ ಕುಂಟುವುದಿಲ್ಲ. ಹೆಜ್ಜೆ ಹೆಜ್ಜೆಗೂ ಹುಣ್ಣು ಜಜ್ಜುತ್ತದೆ. ಒಮ್ಮೆ ಮೀನು ಮಾರುವ ತಾಯಿಯೊಬ್ಬರ ಅಂಗಾಲಿನಿಂದ ಉಗುರಿನಷ್ಟು ದೊಡ್ಡ ಬಳಚಿನ ಚಿಪ್ಪಿನ ಚೂರು ತೆಗೆದೆ. ಅದು ಒಳಗಿದ್ದದ್ದೇ ಅವರಿಗೆ ಗೊತ್ತಿರಲಿಲ್ಲ.

ಆದ್ದರಿಂದ ಮೊದಲ ಚಿಕಿತ್ಸೆ ಹುಣ್ಣಿನ ಮೇಲೆ ಬೀಳುವ ಭಾರ ಇಳಿಸುವುದು. ಮೊಣಕಾಲಿನ ಕೆಳಗಿನವರೆಗೆ ಬರುವ, ರೋಗಿ ತಾನೇ ಬಿಚ್ಚಲಾಗದ ಕಾಸ್ಟ್ (ಪ್ಲಾಸ್ಟರ್‌ನಂಥ ಗಟ್ಟಿ ಕಟ್ಟು) ಇದಕ್ಕೆ ಉತ್ತಮ. ತೀವ್ರ ಸೋಂಕಿದ್ದರೆ ಅಥವಾ ರಕ್ತಸಂಚಾರ ತೀರಾ ಕಡಿಮೆಯಿದ್ದರೆ ಅದನ್ನು ಹಾಕುವಂತಿಲ್ಲ. ಹಾಗಾಗಿ ಕಾಲಿನ ನಾಡಿ ನೋಡಿ, ಹುಣ್ಣು ಮೂಳೆ ಮುಟ್ಟಿದೆಯೇ ಎಂದು ಪರೀಕ್ಷಿಸಿ, ಸುತ್ತ ಗಟ್ಟಿಯಾದ ಚರ್ಮವನ್ನೂ ಸತ್ತ ಮಾಂಸವನ್ನೂ ಕೆರೆದು ತೆಗೆಯಬೇಕು. ಇದು ಮನೆಯಲ್ಲಿ ಬ್ಲೇಡು ಹಿಡಿದು ಮಾಡುವ ಕೆಲಸವಲ್ಲ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಈ ವಾರವೇ ಕರೆದೊಯ್ಯಿರಿ.

ಇನ್ನು ಡ್ರೆಸ್ಸಿಂಗ್. ಅದರ ಕೆಲಸ ಗಾಯವನ್ನು ಕೊಳೆಯಿಂದ ಕಾಯುವುದು, ಹೆಚ್ಚಾದ ರಸಿಕೆ ಹೀರುವುದು, ಆದರೆ ಪೂರ್ತಿ ಒಣಗಲು ಬಿಡದಿರುವುದು. ಕಡಲಪಾಚಿಯದು ಎಂದರೆ ಆಲ್ಜಿನೇಟ್. ಕಂದುಬಣ್ಣದ ಪಾಚಿಯಿಂದ ಬರುತ್ತದೆ, ರಸಿಕೆ ಹೀರಿ ಲೋಳೆಯಾಗುತ್ತದೆ. ಸೋರುವ ಹುಣ್ಣಿಗೆ ಚೆನ್ನ, ಒಣ ಹುಣ್ಣಿಗಾದರೆ ಅಂಟಿಕೊಳ್ಳುತ್ತದೆ. ರಸಿಕೆ ಕಡಿಮೆಯಿದ್ದರೆ ಅಂಟದ ಸಾದಾ ಡ್ರೆಸ್ಸಿಂಗ್ ಸಾಕು. ಬೆಳ್ಳಿ, ಜೇನು ಇತ್ಯಾದಿಗಳನ್ನು ಹುಣ್ಣು ಬೇಗ ಮಾಯಲೆಂದು ಬಳಸಬೇಡಿ ಎಂದೇ ಮಧುಮೇಹಿಗಳ ಕಾಲಿನ ಹುಣ್ಣಿನ ಬಗೆಗಿನ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ರಕ್ತಸಂಚಾರವೂ ಕುಂದಿದ, ಸೋಂಕಿಲ್ಲದ ಹುಣ್ಣು ಎರಡು ವಾರದ ಸರಿಯಾದ ಆರೈಕೆಗೂ ಕುಗ್ಗದಿದ್ದರೆ ಸುಕ್ರೋಸ್ ಆಕ್ಟಾಸಲ್ಫೇಟ್ ಎಂಬ ರಾಸಾಯನಿಕ ಇರುವ ಡ್ರೆಸ್ಸಿಂಗ್ ಪರಿಗಣಿಸಬಹುದು. ಅದನ್ನು ವೈದ್ಯರು ನಿರ್ಧರಿಸಲಿ. ಅರಿಶಿನ, ಸುಣ್ಣ, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ.

ಕಡಲಿಗಂತೂ ಸದ್ಯ ಕಳಿಸಲೇಬೇಡಿ. ಉಪ್ಪುನೀರು ಗಾಯವನ್ನು ಶುದ್ಧ ಮಾಡುತ್ತದೆ ಎಂಬ ನಂಬಿಕೆ ನಮ್ಮ ಕರಾವಳಿಯಲ್ಲಿ ಗಟ್ಟಿಯಾಗಿದೆ. ಆದರೆ ಬೆಚ್ಚಗಿನ ಕಡಲ ನೀರಿನಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಮಧುಮೇಹಿಯ ತೆರೆದ ಗಾಯಕ್ಕೆ ಅದು ಹೊಕ್ಕರೆ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು ತರಬಲ್ಲದು. ದುಡಿಮೆ ನಿಂತರೆ ಮನೆ ನಡೆಸುವುದು ಎಷ್ಟು ಕಷ್ಟವೆಂದು ಬಲ್ಲೆ. ಕುಳಿತು ಬಲೆ ಹೆಣೆಯುವ ಕೆಲಸವಿದ್ದರೆ ಅವರಿಗೆ ಅದನ್ನು ಕೊಡಿ.

ಕಾಲು ಕೆಂಪೇರಿ ಊದಿದರೆ, ಕೆಟ್ಟ ವಾಸನೆ ಬಂದರೆ, ಬೆರಳು ಕಪ್ಪಾದರೆ ಅಥವಾ ಚಳಿಜ್ವರ ಬಂದರೆ ಬೆಳಗಿನವರೆಗೂ ಕಾಯಬೇಡಿ. ಡ್ರೆಸ್ಸಿಂಗ್ ಬದಲಿಸುವಾಗ ವಾರಕ್ಕೊಮ್ಮೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಹುಣ್ಣಿನ ಫೋಟೋ ತೆಗೆಯಿರಿ. ನಾಲ್ಕು ವಾರದಲ್ಲಿ ಅರ್ಧಕ್ಕೆ ಇಳಿಯದಿದ್ದರೆ ಆ ಫೋಟೋಗಳೊಂದಿಗೆ ವೈದ್ಯರ ಬಳಿ ಮತ್ತೆ ಹೋಗಿ.